ಮುಷ್ಟಿಯಲ್ಲಿದ್ದ ಬೀಗದ ಕೈ

ಬಸ್ಸಿನಲ್ಲಿ ನಾನು ಕಿಟಕಿ ಪಕ್ಕದ ಸೀಟು ಕೇಳುವುದಿಲ್ಲ. ವೈರಾಗ್ಯವೇನಲ್ಲ, ಫಿಟ್ಸ್ ಬಂದರೆ ನನ್ನ ಹಣೆಗೂ ಕಿಟಕಿಯ ಸರಳಿಗೂ ಜಗಳವಾಗುತ್ತದೆ, ಅಷ್ಟೆ. ಹದಿನಾರನೇ ವಯಸ್ಸಿನಿಂದ ಜೊತೆಗಿರುವ ಈ ಮೂರ್ಛೆರೋಗ ಸ್ಕೂಟರು, ಈಜು, ಕೆರೆ ಏರಿಯ ಮೇಲಿನ ನಡಿಗೆ ಎಲ್ಲವನ್ನೂ ಕಿತ್ತುಕೊಂಡು ಸರ್ಕಾರಿ ಬಸ್ಸೊಂದನ್ನು ಬಿಟ್ಟಿದೆ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ. ಹಾಗಾಗಿ ತಿಂಗಳಿಗೆರಡು ಭಾನುವಾರ ನನ್ನ ವಿಶ್ವಪರ್ಯಟನೆ: ಮಂಡ್ಯದಿಂದ ಮದ್ದೂರು, ಅಲ್ಲಿಂದ ಮಳವಳ್ಳಿ, ಮತ್ತೆ ಮಂಡ್ಯ. ಒಂದು ವಡೆ, ಎರಡು ಕಾಫಿಯಲ್ಲಿ ಮುಗಿಯುತ್ತದೆ. ನಲವತ್ತನಾಲ್ಕರ ಹೆಂಗಸು ಕೆಲಸವಿಲ್ಲದೆ ಮೂರೂರು ಸುತ್ತುವುದನ್ನು ಕಂಡು ಕಂಡಕ್ಟರಿಗೂ ಅನುಮಾನ.

ನನ್ನನ್ನು ಸಾಕುತ್ತಿರುವ ಅಕ್ಕನಿಗೆ ಅನುಮಾನವಲ್ಲ, ಭಯ. "ಇನ್ನೊಂದ್ಸಲ ಆಚೆ ಬಿದ್ದೆ ಅಂತ ಗೊತ್ತಾಗ್ಲಿ, ಬಸ್ ಅತ್ತಾದು ಬಂದ್ ಕಣೆ" ಎಂದು ಹೇಳಿಟ್ಟಿದ್ದಾಳೆ. ಬಸ್ಸೂ ಹೋದರೆ ನನಗೆ ಉಳಿಯುವುದು ಮನೆಯ ಮೂರು ಕೋಣೆ.

ಬಿದ್ದು ಎದ್ದಾಗಲೆಲ್ಲ ನನ್ನ ಕೈಯಲ್ಲಿ ಕಬ್ಬಿಣವಿರುತ್ತದೆ. ಫಿಟ್ಸ್ ಬಂದವರ ಮುಷ್ಟಿಗೆ ಕಬ್ಬಿಣ ತುರುಕಬೇಕೆಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಕುಡುಗೋಲು, ಡ್ರೈವರಿನ ಸ್ಪ್ಯಾನರು, ತರಕಾರಿಯವನ ತೂಕದ ಬಟ್ಟು, ಎಲ್ಲ ಹಿಡಿದಿದ್ದೇನೆ. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ, ಹೆಸರು ಮಾತ್ರ ಕಬ್ಬಿಣಕ್ಕೆ ಎನ್ನುತ್ತಾರೆ ಡಾಕ್ಟರು. ನಟರಾಜನ ಕಾಲಡಿಯ ಕುಳ್ಳನ ಹೆಸರೂ ಅಪಸ್ಮಾರ, ಅಂದರೆ ಮೂರ್ಛೆರೋಗವೇ, ಎಂದು ಓದಿದ ಮೇಲೆ ಗುಡಿಗೆ ಹೋದಾಗ ನಾನು ಮೊದಲು ಅವನಿಗೇ ಕೈಮುಗಿಯುತ್ತೇನೆ. ಎಷ್ಟಾದರೂ ನಮ್ಮವನು. ಬ್ಯಾಗಿನಲ್ಲೊಂದು ಚೀಟಿಯನ್ನೂ ಇಟ್ಟಿದ್ದೇನೆ: 'ನನಗೆ ಫಿಟ್ಸ್ ಇದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡಬೇಡಿ.' ಅದನ್ನು ಇದುವರೆಗೆ ಓದಿರುವವಳು ನಾನೊಬ್ಬಳೇ.

ಬೀಳುವುದು ನನಗೆ ತಿಳಿಯುವುದಿಲ್ಲ, ಏಳುವುದೇ ಕಷ್ಟ. ಕಣ್ಣು ಬಿಟ್ಟ ಕೂಡಲೇ ಜನ ತಮ್ಮ ಕಬ್ಬಿಣ ವಾಪಸು ತೆಗೆದುಕೊಂಡು, ಸೆರಗಿಗೆ ಒರೆಸಿಕೊಂಡು ಹೊರಟುಬಿಡುತ್ತಾರೆ. ಆಮೇಲೆ ಬಸ್ಸು ಎಷ್ಟೇ ತುಂಬಿರಲಿ, ನನ್ನ ಪಕ್ಕದ ಸೀಟು ಖಾಲಿ. ಕೋಪ ಬರುವುದಿಲ್ಲ, ಅಳು ಬರುತ್ತದೆ.

ಕಳೆದ ತಿಂಗಳು ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದೆ. ಎದ್ದಾಗ ಗುಂಪು ಕರಗಿತ್ತು. ಆದರೆ ಮುಷ್ಟಿಯಲ್ಲಿ ಕೆಂಪು ದಾರ ಕಟ್ಟಿದ ಬೀಗದ ಕೈ ಹಾಗೇ ಇತ್ತು. ಕೇಳುವವರೇ ಇಲ್ಲ! ಪಕ್ಕದಲ್ಲಿ ಹೂ ಮಾರುತ್ತಿದ್ದಾಕೆ ಹೇಳಿದಳು: "ನಿನ್ ಕೈಗೆ ಇದ್ನ ಇಟ್ಟ ಆಯಮ್ಮನ ಬಸ್ಸು ಬಂತು ಕಣವ್ವ, ಗಡಿಬಿಡೀಲಿ ಅತ್ತ್‌ಬುಟ್ಲು. ಒಂಟ್‌ಮೇಲೆ ಕಿಟಕೀಲಿ 'ಬೀಗದ್ ಕೈ, ಬೀಗದ್ ಕೈ' ಅಂತ ಬಡ್ಕತಿದ್ಲು. ಬಂಡೂರೋಳು."

ತಲೆ ಸಿಡಿಯುತ್ತಿತ್ತು, ನಾಲಿಗೆ ಕಚ್ಚಿಕೊಂಡು ಊದಿತ್ತು. ನೆಟ್ಟಗೆ ಮನೆಗೆ ಹೋಗಿ ಮಲಗಬೇಕಾದ ಹೊತ್ತು. ಬೀಗದ ಕೈಯನ್ನು ಹೂವಿನಾಕೆಗೆ ಕೊಟ್ಟು ಬರಬಹುದಿತ್ತು. ಆದರೆ ಯಾರದೋ ಮನೆ ಬಾಗಿಲು ನನ್ನ ಮುಷ್ಟಿಯಲ್ಲಿತ್ತು. ಇಷ್ಟು ವರ್ಷದಲ್ಲಿ ನಾನು ಹೋಗಲೇಬೇಕಾದ ಊರು ಅಂತ ಒಂದು ಸಿಕ್ಕಿದ್ದು ಅವತ್ತೇ. ಮುಂದಿನ ಬಸ್ಸಿಗೆ ಕಾದು ಹತ್ತಿದೆ.

ಬಂಡೂರಿನಲ್ಲಿ ಇಳಿದು ಬೀಗದ ಕೈ ಬಿಟ್ಟು ಬಂದವರ ಮನೆ ಯಾವುದು ಎಂದರೆ ಇಡೀ ಬೀದಿಯೇ ಕೈ ತೋರಿಸಿತು. ಬೀಗ ಹಾಕಿದ ಬಾಗಿಲ ಮುಂದಿನ ಜಗಲಿಯಲ್ಲಿ ಒಬ್ಬ ಅಜ್ಜಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಎರಡು ಕುರಿ. ನನ್ನನ್ನು ಕಂಡು "ಬಂದ್ಯಾ ಮಗಾ?" ಎಂದಳು, ನೆಂಟರನ್ನು ಕರೆದಂತೆ.

"ನಾನು ಬರದೇ ಹೋಗಿದ್ದರೆ? ಬೀಗ ಒಡೆಸಬಹುದಿತ್ತಲ್ಲ ಅಜ್ಜಿ" ಎಂದೆ.

"ಬೀಗ ಒಡ್ಯಾಕೆ ಎಷ್ಟೊತ್ತು? ಪಕ್ಕದ್ ಮನೆಯವ್ನು ಕಲ್ಲು ಇಡ್ಕಂಡೇ ನಿಂತಿದ್ದ. ನಾನೇ ಬ್ಯಾಡ ಬುಡು ಅಂದೆ. ಒಡ್ದ್‌ಬುಟ್ಟು ಒಳಕ್ಕೆ ಓದ್ರೆ, ನೀನು ಎದ್ಯೋ ಇಲ್ವೋ ನಂಗೆಂಗವ್ವ ಗೊತ್ತಾಯ್ತಿತ್ತು?"

ನಾನು ಏಳುವುದನ್ನು ಯಾರೋ ಕಾಯುತ್ತಿದ್ದರು. ಜಗಲಿಯ ಮೇಲೆ ಕೂತು ಚೆನ್ನಾಗಿ ಅತ್ತೆ. ಅಜ್ಜಿ ಒಂದಿಷ್ಟು ಅವರೆಕಾಯಿಯನ್ನು ನನ್ನ ಮುಂದಕ್ಕೆ ತಳ್ಳಿ, ಒತ್ತಿಕೊಂಡು ಪಕ್ಕದಲ್ಲೇ ಕೂತಳು. ಆಮೇಲೆ ಬೀಗ ತೆಗೆದು, ಮುದ್ದೆ ತಿನ್ನಿಸಿ, ಬಸ್ಸಿಗೆ ಹತ್ತಿಸಿದಳು.

ಅಕ್ಕನಿಗೆ ಸುಳ್ಳು ಹೇಳಲು ದಾರಿಯುದ್ದಕ್ಕೂ ತಯಾರಿ ನಡೆಸಿದ್ದವಳು ಬಾಗಿಲಲ್ಲೇ ನಿಜ ಹೇಳಿಬಿಟ್ಟೆ. ಚೆನ್ನಾಗಿ ಬೈದಳು. ಬೈದು ಸುಸ್ತಾಗಿ, "ಆಯಮ್ಮ ನಿಜವಾಗ್ಲೂ ಬೀಗ ಒಡೀದೆ ಕಾಯ್ತಿದ್ಲಾ?" ಎಂದು ಎರಡು ಸಲ ಕೇಳಿದಳು. ಬಸ್ಸಿನ ಮಾತು ಆಮೇಲೆ ಎತ್ತಲಿಲ್ಲ.

ಮೊನ್ನೆ ಚೀಟಿಯನ್ನು ಹೊಸದಾಗಿ ಬರೆದೆ. ಮೊದಲಿನ ಮೂರು ಸಾಲು ಹಾಗೇ ಇವೆ. ಕೊನೆಯದನ್ನು ಮಾತ್ರ ಬದಲಾಯಿಸಿದ್ದೇನೆ: 'ಕೈಗೆ ಕಬ್ಬಿಣ ಕೊಟ್ಟು ಪ್ರಯೋಜನವಿಲ್ಲ. ಕೊಡಲೇಬೇಕು ಎನ್ನಿಸಿದರೆ ನಿಮ್ಮ ಮನೆಯ ಬೀಗದ ಕೈಯನ್ನೇ ಕೊಡಿ. ಊರು ಯಾವುದೆಂದು ಹೇಳಿ ಹೋಗಿ.'