ಮಿಸ್ತ್ರಿ ‘ಬಿಡ್ರಿ’ ಅಂದರೇ?

ಕಳೆದ ವಾರ ರಂಜಕ ರುಬ್ಬುವಾಗ ನಮ್ಮ ಮನೆಯ ಮಿಕ್ಸರ್ ಸುಟ್ಟಿತು. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿಯ ಘಾಟಿನ ನಡುವೆ ಸುಟ್ಟ ವಾರ್ನಿಷ್ ವಾಸನೆ ಎದ್ದಿತು. ಮುಚ್ಚಳ ಒತ್ತಿ ಹಿಡಿದಿದ್ದ ನನಗೆ ಹೆಂಡತಿ, “ಬಿಡ್ರಿ, ಬಿಡ್ರಿ!” ಎಂದು ಕೂಗಿದಳು. ಏನನ್ನು ಬಿಡಬೇಕೆಂದು ತಿಳಿಯದೆ ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಸ್ವಿಚ್ಚು ಹಿಡಿದು ಕಲ್ಲಾಗಿ ನಿಂತೆ. ಕೊನೆಗೆ ಅವಳೇ ಬಂದು ಪ್ಲಗ್ ಕಿತ್ತಳು.

ಆ ವಾಸನೆ ಮತ್ತು ಆ ಮಾತು ನನಗೆ ಒಟ್ಟಿಗೆ ಸಿಕ್ಕದ್ದು ಹನ್ನೊಂದು ವರ್ಷಗಳ ಮೇಲೆ. ಹನ್ನೊಂದೋ, ಹನ್ನೆರಡೋ...

ಆಗ ನಾನು ಶಿಗ್ಗಾಂವಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ಸವಣೂರಿನ ಒಂದು ಓಣಿಯಲ್ಲಿ ಮಹಡಿಯ ಮೇಲೆ ಬಾಡಿಗೆಗಿದ್ದೆ. ಪಕ್ಕದ ಮನೆಯವರು ಲೇಥ್ ಮಿಸ್ತ್ರಿ. ಕಬ್ಬಿಣದ ಶಾಫ್ಟು, ಬುಶ್ಶು ಕಡೆಯುವುದರಲ್ಲಿ ಅವರದು ಪಳಗಿದ ಕೈ ಎಂದು ಸುತ್ತಲಿನ ತಾಲೂಕುಗಳವರೆಲ್ಲ ಹೇಳುತ್ತಿದ್ದರು. ಅವರ ವರ್ಕ್‌ಶಾಪ್ ಇದ್ದದ್ದು ಶಿಗ್ಗಾಂವಿಯ ರಸ್ತೆ ಬದಿಯಲ್ಲಿ. ರಸ್ತೆ ಅಗಲವಾದಾಗ ಅದು ಹೋಯಿತು. ಲೇಥನ್ನು ಮನೆಯ ಹಿಂದಿನ ತಗಡಿನ ಶೆಡ್ಡಿಗೆ ತಂದಿಟ್ಟರು. ಲೇಥಿಗೆ ಬೇಕಾದದ್ದು ಮೂರು ಫೇಸ್ ಕರೆಂಟು. ಓಣಿಗೆ ಬರುತ್ತಿದ್ದದ್ದು ಒಂದೇ ಫೇಸು. ಹೊಸ ಕಂಬ, ಹೊಸ ಟ್ರಾನ್ಸ್‌ಫಾರ್ಮರ್ ಬರಬೇಕು, ಮುಂದಿನ ತಿಂಗಳು ನೋಡೋಣ ಎಂದರು ಕರೆಂಟ್ ಆಫೀಸಿನವರು. ಹಾಗೆ ನಾಲ್ಕು ತಿಂಗಳು ಕಳೆದವು.

ಆ ನಾಲ್ಕು ತಿಂಗಳು ಮಿಸ್ತ್ರಿ ಪ್ರತಿ ಮುಂಜಾನೆ ಶೆಡ್ಡಿನ ಬಾಗಿಲು ತೆರೆದು, ತಿರುಗದ ಲೇಥಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿ ಒರೆಸುತ್ತಿದ್ದರು.

“ಲಗ್ನಾದಾಗಿಂದ ನನ್ನ ತಲಿಗೆ ಒಂದಿನಾ ಎಣ್ಣಿ ಹಚ್ಚಿಲ್ರಿ ಸರ, ಈ ಸವತಿಗೆ ನೋಡ್ರಿ, ದಿನಾ ಅಭ್ಯಂಗನ!” ಎಂದು, ನಾನು ಚಾಚಿ ಎಂದು ಕರೆಯುತ್ತಿದ್ದ ಅವರ ಹೆಂಡತಿ ನನಗೆ ಕೇಳುವಂತೆ ಚುಚ್ಚುತ್ತಿದ್ದರು. ಮಿಸ್ತ್ರಿ ನಗುತ್ತಿರಲಿಲ್ಲ. ಒಮ್ಮೆ ತಮ್ಮ ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದು, “ಮೆತ್ತಗಾಗಾಕತ್ತಾವ್ರಿ,” ಎಂದರು. ಮನುಷ್ಯನೊಬ್ಬ ಅಂಗೈ ಮೆತ್ತಗಾಗುವುದಕ್ಕೆ ಅಷ್ಟು ಹೆದರುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಕೊನೆಗೆ ಅವರು ಇಲ್ಲದ ಫೇಸನ್ನು ತಾವೇ ಹುಟ್ಟಿಸಲು ನಿಂತರು. ಗುಜರಿಯಿಂದ ಮೂರು ಫೇಸಿನ ದೊಡ್ಡ ಮೋಟಾರ್ ತಂದರು. ಅದರ ತಂತಿ, ಲೇಥಿನ ಮೋಟಾರಿನ ತಂತಿ ಎರಡನ್ನೂ ಬಿಚ್ಚಿ, ಮನೆಯ ವೋಲ್ಟೇಜಿಗೆ ಹೊಂದುವಂತೆ ಮತ್ತೆ ಸುತ್ತಿ, ವಾರ್ನಿಷ್ ಕುಡಿಸಿ ಒಣಗಿಸಿದರು. ಲೆಕ್ಕ ಇಷ್ಟೇ: ದೊಡ್ಡ ಮೋಟಾರನ್ನು ಮೊದಲು ಕೈಯಿಂದ ತಿರುಗಿಸಬೇಕು. ತಿರುಗುತ್ತಿರುವಾಗಲೇ ಒಂದು ಫೇಸ್ ಕೊಟ್ಟರೆ ಅದು ನಿಲ್ಲದೆ ತಿರುಗುತ್ತದೆ, ತಿರುಗುತ್ತ ತನ್ನೊಳಗೆ ಉಳಿದ ಫೇಸನ್ನು ಹುಟ್ಟಿಸುತ್ತದೆ. ಅಲ್ಲಿಂದ ಲೇಥಿಗೆ ತಂತಿ ಎಳೆದರಾಯಿತು. ನಾನು ಎರಡು ಹಾಳೆ ತುಂಬ ಗುಣಿಸಿ, ಇದು ಲೇಥನ್ನು ಎಳೆಯುವುದಿಲ್ಲ ಎಂದು ಸಾಧಿಸಿ ತೋರಿಸಿದೆ. ಮಿಸ್ತ್ರಿ ಆ ಹಾಳೆಯಲ್ಲಿ ಕೈಯ ವಾರ್ನಿಷ್ ಒರೆಸಿಕೊಂಡರು. ಮರುದಿನ ಲೇಥ್ ತಿರುಗಿತು.

“ಈ ಮೋಟಾರಿಗೆ ಓದಾಕ ಬರೂದಿಲ್ರಿ ಸರ, ಅದಕ್ಕ ತಿರಗಾಕತ್ತೈತಿ,” ಎಂದರು. ಆ ಮೋಟಾರಿಗೆ ಅವರು ‘ಮನಿ ಅಳಿಯ’ ಎಂದು ಹೆಸರಿಟ್ಟರು. “ಒಂದ ಕೆಲಸ ಮಾಡೂದಿಲ್ಲ. ಕುಂತಲ್ಲೇ ತಿಂತಾನ, ಗದ್ದಲ ಹಾಕ್ತಾನ. ಆದ್ರ ಅವನಿಲ್ಲಂದ್ರ ಮನಿ ನಡಿಯೂದಿಲ್ಲ.”

ಅಳಿಯನನ್ನು ಎಬ್ಬಿಸಲು ಇಬ್ಬರು ಬೇಕಿತ್ತು. ಸ್ವಿಚ್ಚು ಎದುರು ಗೋಡೆಯ ಮೇಲೆ. ಮಿಸ್ತ್ರಿ ಪುಲ್ಲಿಗೆ ಹಗ್ಗ ಸುತ್ತಿ, ಅದರ ತುದಿಯನ್ನು ಬಲಗೈಗೆ ಸುತ್ತಿಕೊಂಡು ಜಗ್ಗಿ ಎಳೆಯುತ್ತಿದ್ದರು. ಹಗ್ಗ ಪೂರ್ತಿ ಕಳಚಿ ಕೈಗೆ ಬಂದಾಗ, “ಬಿಡ್ರಿ!” ಎನ್ನುತ್ತಿದ್ದರು. ನಮ್ಮಲ್ಲಿ ನೀರು ಬಿಡುತ್ತಾರೆ, ಕರೆಂಟೂ ಬಿಡುತ್ತಾರೆ. ನಾನು ಸ್ವಿಚ್ ಒತ್ತುತ್ತಿದ್ದೆ. ಕಾಲೇಜಿನ ಬಸ್ಸು ಹಿಡಿಯುವ ಮೊದಲು ದಿನವೂ ಇದು ನನ್ನ ಕೆಲಸ.

ಆ ದಿನ ಹಾನಗಲ್ಲಿನ ಅಕ್ಕಿ ಗಿರಣಿಯ ಶಾಫ್ಟು ಬಂದಿತ್ತು. ಸುಗ್ಗಿಯ ಕಾಲ. ಮಧ್ಯಾಹ್ನದೊಳಗೆ ಆಗದಿದ್ದರೆ ಹುಬ್ಬಳ್ಳಿಗೆ ಒಯ್ಯುತ್ತೇವೆ ಎಂದಿದ್ದರು. ಒಮ್ಮೆ ಹುಬ್ಬಳ್ಳಿಯ ಹಾದಿ ಹಿಡಿದ ಕೆಲಸ ಮತ್ತೆ ಈ ಓಣಿಗೆ ಬರುವುದಿಲ್ಲವೆಂದು ಮಿಸ್ತ್ರಿಗೆ ಗೊತ್ತಿತ್ತು. ಹಗ್ಗ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ಬೇರೆ ಹಗ್ಗ ತರೋಣ ಎಂದೆ. “ಇವತ್ತೊಂದಿನ ನಡೀತೈತ್ರಿ,” ಎಂದರು. ನನಗೂ ಬಸ್ಸಿನ ಹೊತ್ತಾಗಿತ್ತು. ಅವರು ಎಳೆದರು. ಬಿಚ್ಚಿದ ಎಳೆಯೊಂದು ಪುಲ್ಲಿಯ ಸಂದಿಗೆ ಸಿಕ್ಕಿಕೊಂಡಿತು. ಗದ್ದಲದಲ್ಲಿ ಅರ್ಧ ಮುಳುಗಿದ ಒಂದು ಮಾತು ಕೇಳಿತು: “ಬಿಡ...”

ನಾನು ಸ್ವಿಚ್ ಒತ್ತಿದೆ. ಪುಲ್ಲಿ ಹಗ್ಗವನ್ನು ಎಳೆದುಕೊಂಡಿತು, ಹಗ್ಗದೊಂದಿಗೆ ಕೈಯನ್ನೂ.

ಸಿಕ್ಕಿಕೊಂಡು ನಿಂತ ಮೋಟಾರಿನಿಂದ ಸುಟ್ಟ ವಾರ್ನಿಷ್ ವಾಸನೆ ಎದ್ದಿತು. ಬಲಗೈಯ ಮೂರು ಬೆರಳು ಹೋದವು. ಬಂದವರಿಗೆಲ್ಲ ಮಿಸ್ತ್ರಿ, “ಹಗ್ಗ ನಾನ ತಪ್ಪ ಸುತ್ತಿದ್ದೆ,” ಎಂದೇ ಹೇಳಿದರು. ಕೆಲವು ತಿಂಗಳ ಮೇಲೆ ಹಿರೇಕೆರೂರಿನವರು ಯಾರೋ ಬಂದು ಲೇಥ್ ಒಯ್ದರು. ಲಾರಿ ಓಣಿ ದಾಟುವವರೆಗೂ ಮಿಸ್ತ್ರಿ ಎಡಗೈಯಲ್ಲಿ ಎಣ್ಣೆಯ ಅರಿವೆ ಹಿಡಿದು ನಿಂತಿದ್ದರು.

ನಾನು ಮಾತ್ರ ಆ ಒಂದು ಮಾತನ್ನು ಹಿಡಿದು ಸುತ್ತುತ್ತಿದ್ದೆ. ಅವರು ನನಗೆ ಎಂದೂ ‘ರಿ’ ಹಚ್ಚದೆ ಮಾತಾಡಿದವರಲ್ಲ. ಅಂದು ‘ರಿ’ ಇರಲಿಲ್ಲ. ಹಾಗಾದರೆ ಅದು ನನಗೆ ಹೇಳಿದ್ದಲ್ಲ. ಕಚ್ಚಿಕೊಂಡ ಹಗ್ಗಕ್ಕೆ ಬಿಡು ಎಂದದ್ದು. ಅಥವಾ ‘ಬಿಡಬ್ಯಾಡ್ರಿ’ ಎನ್ನಲು ಹೊರಟಿದ್ದರೇ? ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: “ಅವತ್ತ ನೀವು ಖರೇ ಏನಂದ್ರಿ?”

ಮಿಸ್ತ್ರಿ ಅಂದರು: “ನಿಮಗ ಏನ ಕೇಳಿಸ್ತೋ ಅದನ್ನ ಅಂದೇನಿ. ಬಿಡ್ರಿ ಸರ.”

ಬಿಡಲಾಗಲಿಲ್ಲ. ಊರು ಬಿಟ್ಟೆ. ಹೋದ ವರ್ಷ ಮಿಸ್ತ್ರಿ ತೀರಿಕೊಂಡ ಸುದ್ದಿ ಬಂತು. ಹೋಗಲಿಲ್ಲ.

ಮಿಕ್ಸರ್ ಸುಟ್ಟ ಮೇಲಿನ ಭಾನುವಾರ ಸವಣೂರಿಗೆ ಹೋದೆ. ಚಾಚಿ ಶೆಡ್ಡಿಗೆ ಕರೆದೊಯ್ದರು. ಲೇಥ್ ಇದ್ದ ಜಾಗದಲ್ಲಿ ಸೌದೆ. ಮನಿ ಅಳಿಯ ಮಾತ್ರ ಕುಳಿತಲ್ಲೇ ಕುಳಿತಿದ್ದ. ಅವನ ಮೈಯ ಬಣ್ಣ ನೀಲಿ. ನನ್ನ ನೆನಪಿನಲ್ಲಿ ಅದು ಹಸಿರು.

“ಹಸರ ಯಾವಾಗಿತ್ರಿ ಸರ? ನಾನ ಬ್ರಶ್ ಹಿಡದು ಹಚ್ಚೇನಿ, ನೀಲಿನ,” ಎಂದರು ಚಾಚಿ.

ಹನ್ನೊಂದು ವರ್ಷ ಹಸಿರು ಮೋಟಾರನ್ನೇ ಕಂಡ ಈ ತಲೆಯ ಮೇಲೆ ನನಗಿದ್ದ ಉಳಿದ ನಂಬಿಕೆಯೂ ಅಲ್ಲೇ ಕುಸಿಯಿತು. “ಚಾಚಿ, ಅವತ್ತ ಅವರು ಏನಂದ್ರು? ಕೈ ಸಿಕ್ಕ ದಿನ?”

“ಏನೂ ಅನ್ಲಿಲ್ಲಲ್ರಿ. ನಾ ಚಾ ಹಿಡಕೊಂಡು ಬಾಗಲದಾಗ ನಿಂತಿದ್ದೆ. ಅಂದಿದ್ರ ನನಗೂ ಕೇಳಿಸ್ತಿತ್ತಲ್ರಿ.”

“ಮೋಟಾರಿನ ಗದ್ದಲದಾಗ...” ಎಂದವನು ಅಲ್ಲಿಗೇ ನಿಲ್ಲಿಸಿದೆ. ಯಾವ ಗದ್ದಲ? ಸ್ವಿಚ್ ಒತ್ತುವವರೆಗೆ ಮೋಟಾರ್ ಗದ್ದಲ ಹಾಕುವುದಿಲ್ಲ. ಭೌತಶಾಸ್ತ್ರ ಓದಿದವನಿಗೆ ಇಷ್ಟು ಹೊಳೆಯಲು ಹನ್ನೊಂದು ವರ್ಷ ಬೇಕಾಯಿತು. ನನಗೆ ಏನು ಕೇಳಿಸಿತೋ ಅದನ್ನೇ ಅಂದೆ ಎಂದಿದ್ದರು ಮಿಸ್ತ್ರಿ... ಅವರು ಏನನ್ನೂ ಅಂದಿರದಿದ್ದರೆ? ಬಸ್ಸಿನ ಹೊತ್ತು ಬಿಟ್ಟರೆ ಬೇರೇನೂ ನನ್ನ ಕಿವಿಯಲ್ಲಿ ಇರದಿದ್ದರೆ?

ಎದುರು ಗೋಡೆಗೆ ಹೋಗಿ, ಸ್ವಿಚ್ಚು ಇದ್ದ ಜಾಗದಲ್ಲಿ ನಿಂತೆ. ಚಾಚಿ ಅಳಿಯನ ಪಕ್ಕ, ಮಿಸ್ತ್ರಿ ನಿಲ್ಲುತ್ತಿದ್ದಲ್ಲಿ, ಸೌದೆಯ ಮೇಲೆ ಚಹಾದ ಕಪ್ಪು ಇಟ್ಟರು.

“ಚಾ ಆರತೈತ್ರಿ,” ಎಂದರು, ತಮಗೆ ತಾವೇ ಹೇಳಿಕೊಂಡಂತೆ, ಬಹಳ ಮೆತ್ತಗೆ.

ಒಂದೊಂದು ಅಕ್ಷರವೂ ಕೇಳಿಸಿತು.