ಭಾನುವಾರ ಒಣಗಿದ ತಾರಸಿ

1984ರಲ್ಲಿ ನಾನು ಓದು ನಿಲ್ಲಿಸಿದೆ. ಆಗ ಏಳನೇ ಕ್ಲಾಸು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮಡತ್ತುಕುಳಂ ಬಳಿ ನಮ್ಮದು ಒಕ್ಕಲು ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹೊಲಕ್ಕೆ ಅಣ್ಣಂದಿರೇ ಸಾಕಾಗಿದ್ದರು. ನಾನು ಸಿಂಗಾನಲ್ಲೂರಿಗೆ ಹೋಗಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಕರಣೆ ಹಿಡಿದೆ. ಕನ್ನಡ ಅಕ್ಷರ ಕಲಿತದ್ದೂ ಅಲ್ಲೇ, ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಮೈಸೂರು ಕಡೆಯ ಒಬ್ಬ ಮಿಲ್ ಗುಮಾಸ್ತರಿಂದ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಆ ಏಳನೇ ಕ್ಲಾಸನ್ನು ತುಂಬಿದ ಸಭೆಯಲ್ಲಿ ನನ್ನ ಮುಖಕ್ಕೆ ಎಸೆದರು.

ನಮ್ಮೂರ ಕಡೆಯ ಒಂದು ಚರ್ಚಿನವರು ಎರಡು ವರ್ಷದ ಹಿಂದೆ ಸಮುದಾಯ ಭವನ ಕಟ್ಟಲು ನನ್ನನ್ನು ಕರೆದರು. ಕೆಳಗೆ ಮದುವೆ, ಸಭೆಗಳಿಗೆ ಹಾಲ್. ಮೇಲೆ ಮಕ್ಕಳ ಪಾಠಕ್ಕೆ, ಹೊಲಿಗೆ ಕ್ಲಾಸಿಗೆ ಕೋಣೆಗಳು. ಕೆಳಗಿನದು ಸರಿಯಾಗಿ ಮುಗಿದರೆ ಮೇಲಿನದೂ ನನಗೇ ಎಂದು ಮಾತಾಗಿತ್ತು. ನಾನು ದೇವಸ್ಥಾನಕ್ಕೆ ಹೋಗುವವನು. ಆದರೆ ತಳಪಾಯಕ್ಕೆ ಜಾತಿ ಮತ ಇಲ್ಲ, ಇಟ್ಟಿಗೆಗಂತೂ ಇಲ್ಲವೇ ಇಲ್ಲ. ಮನೆ ಕಟ್ಟಿದ ಹಾಗೆಯೇ ಕಟ್ಟಿದೆ.

ಅಲ್ಲಿ ಒಂದೇ ಒಂದು ಕಟ್ಟಳೆ: ಭಾನುವಾರ ಕೆಲಸವಿಲ್ಲ. ಕರಣೆ ಎತ್ತುವಂತಿಲ್ಲ, ಗೇಟು ತೆಗೆಯುವಂತಿಲ್ಲ. ಕೆಲಸ ಶುರುವಾದಾಗಿನಿಂದ ಅದನ್ನು ನಾನು ಒಂದು ಸಲವೂ ಮುರಿದಿರಲಿಲ್ಲ. ತೊಡಕಾದದ್ದು ತಾರಸಿ ಹಾಕಿದಾಗ. ಬೇಸಿಗೆಯ ಒಂದು ಶುಕ್ರವಾರ ಕಾಂಕ್ರೀಟ್ ಹಾಕಿದೆವು. ಶನಿವಾರ ಬೆಳಿಗ್ಗೆ ತಾರಸಿಯ ಮೇಲೆ ಗಾರೆಯಿಂದ ಸಣ್ಣ ಬದು ಕಟ್ಟಿ, ಗದ್ದೆಯ ಪಾತಿಯಂತೆ ಭಾಗ ಮಾಡಿ, ನೀರು ನಿಲ್ಲಿಸಿದೆವು. ಹೊಸ ಕಾಂಕ್ರೀಟಿಗೆ ಆ ನೀರೇ ತಾಯಿಹಾಲು. ಮೊದಲ ಒಂದು ವಾರ ಅದು ಒಣಗಲೇಬಾರದು.

ಚರ್ಚಿನ ಕಟ್ಟಡ ಸಮಿತಿಗೆ ಒಬ್ಬ ಕಾರ್ಯದರ್ಶಿ ಇದ್ದರು. ಹೈಸ್ಕೂಲಿನಲ್ಲಿ ಮಾಸ್ತರಾಗಿದ್ದು ನಿವೃತ್ತರಾದವರು. ನಾನು ಅವರನ್ನು ಕೇಳಿದೆ. ನಾವು ಆಡಿದ್ದು ತಮಿಳಿನಲ್ಲಿ. ಇಲ್ಲಿ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

"ಸಾರ್, ನಾಳೆ ಒಬ್ಬ ಆಳು ಬಂದು ನೀರು ತುಂಬಿಸಿ ಹೋಗ್ಲಿ. ಅರ್ಧ ಗಂಟೆ ಸಾಕು."

"ಭಾನುವಾರ ಆಳು ಬರೋ ಹಾಗಿಲ್ಲ ಮೇಸ್ತ್ರಿ. ಗೊತ್ತಲ್ಲ ನಿಮಗೆ?"

"ನೀರು ಹಾಕೋದು ಕೆಲಸಾನಾ ಸಾರ್? ಭಾನುವಾರ ಹಸುಗೆ ನೀರು ಇಡಲ್ವಾ ನೀವು?"

ಅವರು ನಕ್ಕರು. "ನಮ್ಮ ಹುಡುಗರೇ ತುಂಬಿಸ್ತಾರೆ, ನೀವು ನೆಮ್ಮದಿಯಾಗಿ ಮಲಗಿ."

ಮಲಗಿದೆ. ಅದೇ ನಾನು ಮಾಡಿದ ತಪ್ಪು.

ಸೋಮವಾರ ಏಳಕ್ಕೆ ಹತ್ತಿ ನೋಡಿದರೆ ತಾರಸಿ ಸುಣ್ಣ ಬಳಿದಂತೆ ಬೆಳ್ಳಗೆ ಒಣಗಿತ್ತು. ಬದು ಎಲ್ಲ ಒಡೆದಿತ್ತು. ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು. ಅಂಗೈ ಇಟ್ಟರೆ ಆ ಹೊತ್ತಿಗೇ ಬಿಸಿ. ಕಾವಲುಗಾರನನ್ನು ಕೇಳಿದೆ, ಭಾನುವಾರ ಮೇಲೆ ಪ್ರಾರ್ಥನೆ ಇತ್ತು, ಫೋಟೋ ತೆಗೆದರು ಎಂದ. ಪ್ರತಿ ವಾರ ಕಟ್ಟಡ ಎಷ್ಟು ಎದ್ದಿದೆ ಎಂದು ಫೋಟೋ ತೆಗೆದು ಸಭೆಯವರಿಗೆಲ್ಲ ಫೋನಿನಲ್ಲಿ ಕಳಿಸುವುದು ಅವರ ರೂಢಿ. ನೀರು ನಿಂತ ತಾರಸಿ ಫೋಟೋದಲ್ಲಿ ಕೆರೆಯಂತೆ ಕಾಣುತ್ತದೆಂದು ಬದು ಒಡೆದು ನೀರು ಬಿಟ್ಟು, ಗುಡಿಸಿ, ಕುರ್ಚಿ ಹಾಕಿದ್ದಾರೆ! ಇಡೀ ದಿನದ ಬಿಸಿಲು ಎರಡು ದಿನದ ಕಾಂಕ್ರೀಟಿನ ಮೇಲೆ. ಹೆತ್ತ ಮೂರನೇ ದಿನ ಕೂಸನ್ನು ಅಂಗಳಕ್ಕೆ ಹಾಕಿದ ಹಾಗೆ.

ಮತ್ತೆ ಬದು ಕಟ್ಟಿ ನೀರು ತುಂಬಿದೆ. ಕಾರ್ಯದರ್ಶಿಯ ಬಳಿ ಕೂಗಾಡಿದೆ. "ಒಂದು ದಿನಕ್ಕೆ ಏನಾಗುತ್ತೆ ಬಿಡಿ" ಎಂದರು. ಹತ್ತು ದಿನಕ್ಕೆ ತಾರಸಿಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು, ಒಂದು ಮಾರುದ್ದ, ಇನ್ನೊಂದು ಎರಡು ಮಾರುದ್ದ. ಆಗ ಅದೇ ಬಾಯಿ ತಿರುಗಿತು. ಶರವಣಂಪಟ್ಟಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಅಳಿಯ ಅವರಿಗೊಬ್ಬ ಇದ್ದ. ಆ ಪುಣ್ಯಾತ್ಮ ಫೋನಿನಲ್ಲಿ ಬಿರುಕಿನ ಚಿತ್ರ ನೋಡಿಯೇ ಮರಳು ಜಾಸ್ತಿ, ಸಿಮೆಂಟ್ ಕಮ್ಮಿ ಎಂದನಂತೆ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ, ಮೇಸ್ತ್ರಿಯ ಕೆಲಸದಲ್ಲಿ ದೋಷವಿದೆ, ಸಮಿತಿ ವಿಚಾರಿಸುತ್ತದೆ ಎಂದು ಓದಿಯೂ ಬಿಟ್ಟರು. ನಾನು ಇಲ್ಲದ ಜಾಗದಲ್ಲಿ.

ಮನೆಗೆ ಆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ತಟ್ಟೆ ತಳ್ಳಿದೆ.

"ಊಟದ ಮೇಲ್ ಯಾಕ್ ಕೋಪ ತೋರಿಸ್ತೀರ? ಸಾಂಬಾರು ಬಿರುಕು ಬಿಡ್ತಾ?" ಎಂದಳು ಹೆಂಡತಿ.

"ನಿಂಗೆ ತಮಾಷೆ."

"ತಮಾಷೆ ಅಲ್ಲ. ಸುಮ್ನೆ ಬಿಟ್ಬುಟ್ರೆ ನಾಳೆ ಈ ಸುತ್ತಲ್ಲಿ ಯಾವನ್ ಕರೀತಾನೆ ನಿಮ್ಮನ್ನ? ಹೋಗಿ ಕೇಳಿ."

ಅವಳು ಹೇಳಿದ್ದೇ ವಿಷಯ. ನಮ್ಮ ಕೆಲಸಕ್ಕೆ ಬೋರ್ಡಿಲ್ಲ, ಸರ್ಟಿಫಿಕೇಟಿಲ್ಲ. ಅವನು ಹಾಕಿದ ತಾರಸಿ ಸೋರಲ್ಲ ಎಂಬ ಒಂದು ಮಾತಿನ ಮೇಲೆ ನಾನು ಅಷ್ಟು ವರ್ಷ ಬದುಕಿದ್ದು. ಆ ಮಾತು ಹೋದರೆ ನಾನೂ ಹೋದೆ.

ಸಮಿತಿಯ ಸಭೆಗೆ ಹೋದೆ. ಹೊಸ ಹಾಲಿನಲ್ಲೇ ಜಮಖಾನ ಹಾಸಿ ಕೂತಿದ್ದರು. ಫಾದರ್ ನಡುವೆ. ಒಳ್ಳೆಯವರು, ಆದರೆ ಜಗಳ ಕಂಡರೆ ಕಣ್ಣು ಮುಚ್ಚಿಕೊಳ್ಳುವವರು. ಸಭೆಯವರೂ ಐವತ್ತು ಅರವತ್ತು ಮಂದಿ ಬಂದಿದ್ದರು. ನೀರು ಬಿಟ್ಟದ್ದು ಯಾರು ಎಂದು ಕೇಳಿದೆ.

"ನೀರು ತಾನಾಗೇ ಇಂಗಿದೆ," ಎಂದರು ಕಾರ್ಯದರ್ಶಿ.

"ಗುಡಿಸಿದ್ದೂ ತಾನಾಗೇನಾ ಸಾರ್? ಕುರ್ಚಿನೂ ತಾನಾಗೇ ಹತ್ತಿ ಬಂತಾ?"

ಹಿಂದೆ ಯಾರೋ ನಕ್ಕರು. ಕಾರ್ಯದರ್ಶಿಯ ಮುಖ ಕೆಂಪಾಯಿತು. "ಏಳನೇ ಕ್ಲಾಸ್ ಓದಿದವರು ನೀವು. ಇಂಜಿನಿಯರ್ ಹೇಳಿದ್ದನ್ನ ಒಪ್ಪಿಕೊಳ್ಳಿ. ಗೊತ್ತಿಲ್ಲದೆ ಆದ ತಪ್ಪು ಅಂತ ನಾವೂ ಬಿಡ್ತೀವಿ."

ಗೊತ್ತಿಲ್ಲದೆ! ಅವರು ಕೂತಿದ್ದದ್ದು ನನ್ನ ತಾರಸಿಯ ಕೆಳಗೆ!

ಆಗ ಹೆಂಗಸರ ಕಡೆಯಿಂದ ಒಬ್ಬಳು ಎದ್ದಳು. ನನ್ನ ಬಳಿ ಹದಿನಾರು ವರ್ಷದಿಂದ ಗಾರೆ ಹೊರುವವಳು. ಅದೇ ಚರ್ಚಿನವಳು. ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಅಕ್ಕ ಎನ್ನುತ್ತೇನೆ.

"ನಾನೇ ಒಡೆದದ್ದು," ಎಂದಳು. "ಬದು ನಾನೇ ಒಡೆದೆ. ನಾನೇ ಗುಡಿಸಿದೆ. ಕಾರ್ಯದರ್ಶಿ ಅಣ್ಣ ಹೇಳಿದರು."

ನನಗೆ ಅವಳ ಮೇಲೆ ಬಂದ ಸಿಟ್ಟು ಅವರ ಮೇಲೂ ಬಂದಿರಲಿಲ್ಲ.

"ನಿನಗೆ ಗೊತ್ತಿರಲಿಲ್ವಾ ಅಕ್ಕಾ?"

"ಗೊತ್ತಿತ್ತು ತಮ್ಮಾ. ವಾರವೆಲ್ಲ ನಿನ್ನ ಮಾತು ಕೇಳ್ತೀನಿ. ಭಾನುವಾರ ಇವರ ಮಾತು ಕೇಳಬೇಕು ಅಂದ್ಕೊಂಡೆ. ಚರ್ಚು ಗುಡಿಸೋಳಿಗೆ ತಾರಸಿ ಗುಡಿಸೋದು ಕೆಲಸ ಅಲ್ಲ, ಸೇವೆ ಅಂದ್ರು."

"ಹಾಗಾದ್ರೆ ನನ್ನ ಆಳು ನೀರು ಹಾಕಿದ್ರೆ ಕೆಲಸ, ನಿಮ್ಮವಳು ನೀರು ಬಿಟ್ರೆ ಸೇವೆ," ಎಂದೆ ಕಾರ್ಯದರ್ಶಿಗೆ.

ಫಾದರ್ ಕೈ ಎತ್ತಿದರು. "ಆದದ್ದಾಯ್ತು. ಸಮಾಧಾನವಾಗಿ ಹೋಗೋಣ."

ಹೊಡೆದವನಿಗಿಂತ ಸಮಾಧಾನ ಹೇಳುವವನ ಮೇಲೆ ಸಿಟ್ಟು ಬರುವುದು ಇಂಥ ಹೊತ್ತಿನಲ್ಲೇ. ನಾನು ಹೇಳಿದೆ: "ಅಯ್ಯಾ, ನನ್ನ ತಪ್ಪು ಎಲ್ಲಿ ನಿಂತು ಓದಿದ್ರೋ ಅಲ್ಲೇ ನಿಂತು ಇದನ್ನೂ ಓದಿ. ಅಲ್ಲಿವರೆಗೆ ಬಿರುಕು ಮುಟ್ಟಲ್ಲ."

ಎರಡು ಭಾನುವಾರ ಓದಲಿಲ್ಲ. ಮೂರನೆಯದಕ್ಕೆ ಓದಿದರು. ನಾನು ಗೇಟಿನ ಹೊರಗೆ ನಿಂತು ಮೈಕಿನಲ್ಲಿ ಕೇಳಿದೆ. "ತಾರಸಿಯ ಬಿರುಕಿಗೆ ಮೇಸ್ತ್ರಿ ಕಾರಣರಲ್ಲ." ಅಷ್ಟೇ. ಹಾಗಾದರೆ ಯಾರು ಕಾರಣ? ಅದರ ಬಗ್ಗೆ ಒಂದಕ್ಷರವಿಲ್ಲ. ಮರುಕ್ಷಣವೇ ಹಾಡು ಶುರುವಾಯಿತು.

ಸೋಮವಾರ ಹೋಗಿ ಬಿರುಕನ್ನು ಉಳಿಯಿಂದ ಬಿಡಿಸಿ, ತೊಳೆದು, ಗಟ್ಟಿ ಗಾರೆ ತುಂಬಿದೆ. ಹತ್ತು ದಿನ ನೀರು ನಿಲ್ಲಿಸಿದೆ. ನಡುವೆ ಬಂದ ಭಾನುವಾರ ಗೇಟು ತೆಗೆಸಿ ನಾನೇ ನೀರು ತುಂಬಿದೆ; ಯಾರೂ ತಡೆಯಲಿಲ್ಲ. ಕೆಳಗೆ ಒಂದು ಹನಿ ಇಳಿಯಲಿಲ್ಲ. ಆ ವಾರದ ಫೋಟೋದಲ್ಲಿ ಆ ತಾರಸಿ ಬರಲಿಲ್ಲ, ಹೊಸ ಕಿಟಕಿ ಬಂತು. ಮೇಲಂತಸ್ತಿನ ಕೆಲಸ ಉಡುಮಲೈ ಕಡೆಯ ಬೇರೆ ಒಬ್ಬರಿಗೆ ಹೋಯಿತು. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಕ್ಕನೊಡನೆ ಒಂದು ತಿಂಗಳು ಮಾತು ಬಿಟ್ಟೆ. ಅವಳು ದಿನಾ ಹೊತ್ತಿಗೆ ಸರಿಯಾಗಿ ಬಂದು ಗಾರೆ ಹೊತ್ತಳು. ಚರ್ಚಿನಲ್ಲಿ ಅವಳ ಕೈಯಿಂದ ಪೊರಕೆ ಕಿತ್ತು ಇನ್ನೊಬ್ಬಳಿಗೆ ಕೊಟ್ಟರು ಎಂದು ಗೊತ್ತಾದ ದಿನ ನಾನೇ ಮಾತಾಡಿಸಿದೆ. ಅಷ್ಟು ಜನರಲ್ಲಿ ನಿಜ ಹೇಳಿದ್ದು ಒಬ್ಬಳು, ಶಿಕ್ಷೆಯಾದದ್ದೂ ಅವಳೊಬ್ಬಳಿಗೇ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಈಗ ನನ್ನ ಬಳಿ ಇರುವುದು: ಕಾಂಕ್ರೀಟ್ ಕಲಸುವ ಯಂತ್ರ ಒಂದು, ಕಾಂಕ್ರೀಟಿನಡಿ ಹಾಸುವ ಸೆಂಟ್ರಿಂಗ್ ತಗಡು ಇನ್ನೂರು, ಹಳೆಯ ಟೆಂಪೋ ಒಂದು, ಅಕ್ಕನೂ ಸೇರಿ ಆಳು ಹನ್ನೊಂದು. ನಡೆಯುತ್ತಿರುವ ಕೆಲಸ ಎರಡು ಮನೆ, ಒಂದು ಅಕ್ಕಿ ಗೋದಾಮು. ಸೋರುವ ತಾರಸಿ, ಒಂದೂ ಇಲ್ಲ.