ಊರಿಗಾಂನಲ್ಲಿ ಬದಲಾದ ವೈಪರ್

ಬೆಳಿಗ್ಗೆ ಏಳಕ್ಕೆ ಕೋಲಾರದ ಮನೆಯಿಂದ ಹೊರಟೆ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಕಾರು ನಲವತ್ತೈದು ವರ್ಷ ಹಳೆಯದು. ಎರಡೇ ಸೀಟು, ಮಡಿಸಬಹುದಾದ ಬಟ್ಟೆಯ ಮಾಡು, ನೆಲಕ್ಕೆ ಅಂಟಿಕೊಂಡಂತೆ ಓಡುವ ಸ್ಪೋರ್ಟ್ಸ್ ಕಾರು. ನನ್ನ ಗಂಡ ಅದರ ಒಂದು ಸ್ಕ್ರೂ ಕೂಡ ಬದಲಿಸಿರಲಿಲ್ಲ. ಮಳೆಯ ದಿನ ಅದನ್ನು ಶೆಡ್ಡಿನಿಂದ ಹೊರಗೆ ತೆಗೆಯುತ್ತಲೂ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಮನೆಯ ಇನ್ನೊಂದು ಕಾರನ್ನು ಮಾರಿ, ನಾನು ಇದನ್ನೇ ಉಳಿಸಿಕೊಂಡೆ. ಹಾಗಾಗಿ ಮಳೆಯಲ್ಲೂ ಇದರಲ್ಲೇ ಓಡಾಡಬೇಕಾಯಿತು.

ತೊಂದರೆ ವೈಪರಿನದು. ಅದಕ್ಕಿದ್ದದ್ದು ಒಂದೇ ವೇಗ, ಅದೂ ಬಹಳ ನಿಧಾನ. ಹಿಂದಿನ ತಿಂಗಳು ಬಂಗಾರಪೇಟೆ ರಸ್ತೆಯಲ್ಲಿ ಜೋರು ಮಳೆಗೆ ಸಿಕ್ಕಿ, ಗಾಜಿನಾಚೆ ಏನೂ ಕಾಣದೆ, ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನ ಸೈಕಲ್ಲಿಗೆ ಒಂದು ಗೇಣು ದೂರದಲ್ಲಿ ಬ್ರೇಕ್ ಹಾಕಿ ನಿಲ್ಲಿಸಿದ್ದೆ.

"ಕಣ್ ಕಾಣ್ದಿದ್ರೆ ಯಾಕಮ್ಮಾ ಓಡಿಸ್ತೀರಾ?" ಎಂದು ಅವನು ಕೂಗಾಡಿದ್ದ. ಕಾರಣ ಹೇಳಿದ ಮೇಲೆ ತಣ್ಣಗಾಗಿ, ತನ್ನ ದೊಡ್ಡಪ್ಪ ಮುನಿವೆಂಕಟಪ್ಪನ ವಿಳಾಸ ಕೊಟ್ಟಿದ್ದ. ಊರಿಗಾಂನಲ್ಲಿ ಮನೆ. ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲಿನ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವರು. ಫೋನಿನಲ್ಲಿ ಮಾತಾಡಿ, ಈ ದಿನ ಬರುತ್ತೇನೆಂದು ತಿಳಿಸಿದ್ದೆ.

ಬಂಗಾರಪೇಟೆಯಲ್ಲಿ ಇಡ್ಲಿ ತಿಂದು ಕಾಫಿ ಕುಡಿದೆ. ಹೋಟೆಲಿನ ಮುಂದೆ ನಾಲ್ಕು ಜನ ಕಾರಿನ ಸುತ್ತ ನಿಂತು, ತೆಲುಗಿನಲ್ಲಿ ಅದರ ಬೆಲೆ ಊಹಿಸುತ್ತಿದ್ದರು. ರಾಬರ್ಟ್‌ಸನ್‌ಪೇಟೆಯಲ್ಲಿ ಹೊಸ ರಬ್ಬರ್ ಪಟ್ಟಿಗಳನ್ನು ಕೊಂಡೆ. ನಾನು ಕನ್ನಡದಲ್ಲಿ ಕೇಳಿದ ದಾರಿಗೆ ಅಂಗಡಿಯವರು ತಮಿಳಿನಲ್ಲಿ ಉತ್ತರ ಹೇಳಿದರು. ಇಬ್ಬರಿಗೂ ಅರ್ಥವಾಯಿತು.

ಮುನಿವೆಂಕಟಪ್ಪನವರ ಮನೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಕೊನೆಯದು. ಎಪ್ಪತ್ತರ ಹತ್ತಿರದ ತೆಳ್ಳನೆಯ ಮನುಷ್ಯ. ಬಾನೆಟ್ ಎತ್ತಿ ಅರ್ಧ ಗಂಟೆ ನೋಡಿದರು. ಗುಜರಿಯಿಂದ ತಂದಿಟ್ಟಿದ್ದ ಎರಡು ವೇಗದ ವೈಪರ್ ಮೋಟಾರನ್ನು ಒಳಗೆ ಹಿಡಿದು ಅಳತೆ ತೆಗೆದರು.

"ಇದು ಇಲ್ಲಿ ಕೂರಲ್ಲ ಅಮ್ಮಾ. ಗಾಜಿನ ಕೆಳಗಿನ ತಗಡು ಕುಯ್ಯಬೇಕು."

"ಕುಯ್ಯದೆ ಆಗುವುದಿಲ್ಲವೇ?"

"ಆಗಲ್ಲ. ಒಂದ್ಸಲ ಕುಯ್ದ್ರೆ ಮತ್ತೆ ಮೊದ್ಲಿನಂಗೆ ಬರಲ್ಲ. ಆಮ್ಯಾಕೆ ನನ್ನ ಬಯ್ಯಬಾರ್ದು, ಅದ್ಕೇ ಈಗ್ಲೇ ಯೋಳ್ತೀನಿ."

ಯೋಚಿಸಲು ಸಮಯ ಕೇಳಿ ರಸ್ತೆಯಲ್ಲಿ ನಡೆದೆ. ಕಂಪನಿಯ ಹಳೆಯ ಕಟ್ಟಡಗಳ ಕಿಟಕಿಗಳು ಕಿತ್ತುಹೋಗಿದ್ದವು. ದೂರದಲ್ಲಿ ಗಣಿಯ ಮಣ್ಣಿನ ಬೂದು ದಿಬ್ಬಗಳು. ಗಂಡ ಪ್ರತಿ ಭಾನುವಾರ ಆ ತಗಡನ್ನು ಹಳೆಯ ಬನಿಯನ್ನಿನಿಂದ ಒರೆಸುತ್ತಿದ್ದದ್ದು ಕಣ್ಣಮುಂದೆ ಬಂತು. ವಾಪಸು ಬಂದಾಗ ಮುನಿವೆಂಕಟಪ್ಪನವರ ಹೆಂಡತಿ ನಾರಾಯಣಮ್ಮ ಊಟಕ್ಕೆ ಕರೆದರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ತಿನ್ನುತ್ತಾ ಅವರಿಗೆ ಗಂಡನ ವಿಷಯ ಹೇಳಿದೆ.

"ಯಜಮಾನ್ರು ಇದ್ದಿದ್ರೆ ಕುಯ್ಯಾಕ್ ಬಿಡ್ತಿದ್ರಾ?" ಎಂದು ಕೇಳಿದರು.

"ಇಲ್ಲ."

"ಅವ್ರು ಮಳೇಲಿ ಓಡಿಸ್ತಿದ್ರಾ?"

"ಅದೂ ಇಲ್ಲ."

"ಓಡಿಸೋರು ನೀವು," ಎಂದು ಇನ್ನೊಂದು ಸೌಟು ಸಾರು ಹಾಕಿದರು.

ಕೈ ತೊಳೆದು ಹೊರಗೆ ಬಂದು, ಕುಯ್ಯಿರಿ ಎಂದೆ. ಗರಗಸದ ಸದ್ದು ಎರಡು ನಿಮಿಷವೂ ಇರಲಿಲ್ಲ. ಅಷ್ಟೂ ಹೊತ್ತು ನಾನು ಬೇರೆ ಕಡೆ ನೋಡುತ್ತಿದ್ದೆ.

ಹೊಸ ಮೋಟಾರು ಕೂರಿಸಿ ಮುಗಿಸುವಾಗ, ಮೂರು ಗಂಟೆಯ ಹೊತ್ತಿಗೆ, ಮಳೆ ಶುರುವಾಯಿತು. "ಒಳ್ಳೇದೇ ಆಯ್ತು, ನಡೀರಿ ನೋಡೋಣ," ಎಂದು ಮುನಿವೆಂಕಟಪ್ಪ ಪಕ್ಕದ ಸೀಟಿಗೆ ಇಳಿದು ಕೂತರು. ಬೇತಮಂಗಲದ ಕಡೆ ಹೊರಟೆವು. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ವೈಪರಿನ ಎಡಗಡೆಯ ಕಡ್ಡಿ ಬಲಗಡೆಯದಕ್ಕೆ ತಾಗಿ ಸಿಕ್ಕಿಕೊಂಡಿತು. ಅವರು ಮಳೆಯಲ್ಲೇ ಇಳಿದು, ಸ್ಪ್ಯಾನರಿನಿಂದ ಅದನ್ನು ಬಿಚ್ಚಿ, ಸ್ವಲ್ಪ ತಿರುಗಿಸಿ ಮತ್ತೆ ಬಿಗಿ ಮಾಡಿದರು. ಒಳಗೆ ಬಂದಾಗ ಅಂಗಿ ಪೂರ್ತಿ ನೆನೆದಿತ್ತು.

"ನನ್ನ ಅಳತೇನೇ ತಪ್ಪು," ಎಂದರು.

ಬೇತಮಂಗಲ ಇನ್ನೂ ದೂರವಿದ್ದಾಗ ಎದುರಿನಿಂದ ಬಂದ ಲಾರಿ ಗುಂಡಿಯ ಕೆಸರನ್ನೆಲ್ಲ ನಮ್ಮ ಮೇಲೆ ಎರಚಿತು. ಗಾಜು ಪೂರ್ತಿ ಕೆಂಪಾಯಿತು. ನಾನು ಕಾಲು ಬ್ರೇಕಿನ ಮೇಲಿಟ್ಟು ವೈಪರಿನ ಜೋರು ವೇಗದ ಸ್ವಿಚ್ ಒತ್ತಿದೆ. ಕಡ್ಡಿಗಳು ಎರಡು ಸಲ ಆಚೀಚೆ ಹೋದವು. ಗಾಜಿನಾಚೆ ಕುರಿಗಳು ಕಂಡವು. ರಸ್ತೆಯ ತುಂಬ ಕುರಿಗಳು, ನಡುವೆ ತಲೆಗೆ ಗೋಣಿಚೀಲ ಹೊದ್ದ ಒಬ್ಬ ಹೆಂಗಸು. ಕಾರು ಅವರಿಂದ ಹತ್ತು ಮಾರು ದೂರದಲ್ಲೇ ನಿಂತಿತು. ಹೆಂಗಸು ನಮ್ಮ ಕಡೆ ತಿರುಗಿಯೂ ನೋಡದೆ ಕುರಿಗಳನ್ನು ದಾಟಿಸಿಕೊಂಡು ಹೋದಳು. ಏನೂ ಆಗಿರಲಿಲ್ಲ, ತಿರುಗಿ ನೋಡುವುದಕ್ಕೆ ಕಾರಣವಿರಲಿಲ್ಲ.

ನಾನು ಮತ್ತೆ ಗೇರು ಹಾಕಿದೆ. ಮುನಿವೆಂಕಟಪ್ಪ ಗಾಜನ್ನೇ ನೋಡುತ್ತಿದ್ದರು. "ರಬ್ಬರ್ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಎಂದು ಕೇಳಿದರು.

ಅವರನ್ನು ಮನೆಗೆ ಬಿಟ್ಟು ನಾಲ್ಕೂವರೆಗೆ ಹೊರಟೆ. ರಾಬರ್ಟ್‌ಸನ್‌ಪೇಟೆ ದಾಟುವಾಗ ಮಳೆ ಇನ್ನೂ ಬಲವಾಯಿತು. ಬೇರೆ ಗಾಡಿಗಳು ಪಕ್ಕಕ್ಕೆ ನಿಂತಿದ್ದವು, ನಾನು ನಿಲ್ಲಿಸಲಿಲ್ಲ. ಬಂಗಾರಪೇಟೆಯಲ್ಲಿ ರೈಲ್ವೆ ನಿಲ್ದಾಣದ ಹತ್ತಿರ ಗಾಡಿಗಳ ಸಾಲು ನಿಂತಾಗ, ಪಕ್ಕದ ಬೈಕಿನವನು ಬಗ್ಗಿ ಕಿಟಕಿ ತಟ್ಟಿದ.

"ಮೇಡಂ, ಮಳೆ ನಿಂತೋಗಿ ಎಷ್ಟೊತ್ತಾಯ್ತು!"

ನೋಡಿದರೆ ಹೌದು. ರಸ್ತೆಯ ಮೇಲೆ ಬಿಸಿಲಿತ್ತು, ಒಣಗಿದ ಗಾಜಿನ ಮೇಲೆ ಕಡ್ಡಿಗಳು ಕಿರುಗುಟ್ಟುತ್ತಿದ್ದವು. ಅವನಿಗೆ ತಲೆಯಾಡಿಸಿದೆ. ಸಾಲು ಮುಂದಕ್ಕೆ ಚಲಿಸುವವರೆಗೂ ಅವು ಆಡುವುದನ್ನು ನೋಡಿ, ಆಮೇಲೆ ವೈಪರಿನ ಸ್ವಿಚ್ ಆರಿಸಿದೆ.